ಕೆಂಪು ಮಸಿ ಮುಟ್ಟದ ಪುಸ್ತಕಗಳು

ನನಗೆ ಮೇಷ್ಟ್ರ ಕೆಲಸ ಸಿಕ್ಕಿದಾಗ ಇಪ್ಪತ್ತೆರಡು ವರ್ಷ. ಗೊತ್ತಿದ್ದ ವಿದ್ಯೆ ಎರಡು: ಬೋರ್ಡು ಒರೆಸೋದು, ಕೆಂಪು ಪೆನ್ನಲ್ಲಿ ಟಿಕ್ ಹಾಕೋದು. ಎರಡನ್ನೂ ಬಹಳ ಗತ್ತಿನಿಂದ ಮಾಡುತ್ತಿದ್ದೆ. ಕಡಬದ ನಮ್ಮ ಮನೆಯಲ್ಲಿ ಟ್ರೈನಿಂಗ್ ಪಾಸು ಮಾಡಿದ ಮೊದಲನೆಯವನು ನಾನೇ ಆದ್ದರಿಂದ, ನಮ್ಮವ್ವ ಎಮ್ಮೆ ಕಟ್ಟುವಾಗಲೂ ನನ್ನನ್ನು 'ಮೇಷ್ಟ್ರು' ಅಂತಲೇ ಕರೆಯುತ್ತಿದ್ದಳು. ನನಗೂ ಅದು ತಲೆಗೆ ಏರಿತ್ತು.

ಗುಬ್ಬಿಯಲ್ಲಿ ಒಂದು ಭಜನೆ ಮಂಡಲಿಯವರು ನಡೆಸುತ್ತಿದ್ದ ಮಿಡ್ಲ್ ಸ್ಕೂಲು ಅದು. ರಾಮಮಂದಿರದ ಹಿಂದಿನ ನಾಲ್ಕು ಕೋಣೆಯೇ ಶಾಲೆ. ಮಕ್ಕಳೂ ನಾವೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಬೋರ್ಡಿನ ಮೇಲೆ ಒಂದು ಶ್ಲೋಕ, ಅದನ್ನು ಮಕ್ಕಳು ಬರೆದುಕೊಳ್ಳಬೇಕು. ಮನೆಗೆ ದಿನಾ ಒಂದು ಪುಟ ಕಾಪಿ, ಐದು ಲೆಕ್ಕ, ಶ್ಲೋಕದ ಅರ್ಥ. ಏಕಾದಶಿ ದಿನ ಅರ್ಧ ಹೊತ್ತು. ಮಂಡಲಿಯ ಹಿರಿಯರು ಮಾಡಿಟ್ಟಿದ್ದ ಒಂದೇ ಒಂದು ಗಟ್ಟಿ ನಿಯಮ ಅಂದರೆ, ಪ್ರತಿ ಪುಟದ ತಲೆಯ ಮೇಲೆ 'ಶ್ರೀರಾಮ' ಅಂತ ಬರೆಯಬೇಕು, ಹಾಗೆ ಬರೆದ ಪುಟವನ್ನು ಹರಿಯಬಾರದು, ತುಳಿಯಬಾರದು, ಗೀಟು ಹಾಕಿ ಹೊಡೆಯಬಾರದು. ತುಂಬಿದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಗಾಡಿಯಲ್ಲಿ ಒಯ್ದು ಕೆರೆಗೆ ಬಿಡುತ್ತಿದ್ದರು.

ಈ ನಿಯಮವನ್ನು ನಾವು ನಮಗೆ ಬೇಕಾದ ಹಾಗೆ ಓದಿಕೊಂಡಿದ್ದೆವು. ಮೇಲಿನ ಸಾಲು ದೇವರದ್ದು, ಕೆಳಗಿನದ್ದೆಲ್ಲ ನಮ್ಮದು ಅಂತ. ಒಬ್ಬರು ಮಾತ್ರ ಪೂರ್ತಿ ಪುಟ ದೇವರದ್ದು ಅಂತ ಓದಿದ್ದರು. ಅವರು ಆರನೇ ಕ್ಲಾಸಿನ ಸೀತಾರಾಮಯ್ಯ ಮೇಷ್ಟ್ರು.

ಅವರ ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳು. ಯಾರ ಪುಸ್ತಕದ ಮೇಲೂ ಕೆಂಪು ಮಸಿ ಬಿದ್ದದ್ದಿಲ್ಲ. ಒಬ್ಬೊಬ್ಬರನ್ನೇ ಹತ್ತಿರ ಕರೆದು ಮಣೆಯ ಮೇಲೆ ಕೂರಿಸಿಕೊಳ್ಳೋರು. ತಪ್ಪಿರುವ ಕಡೆ ಬಲಗೈ ಹೆಬ್ಬೆರಳಿನ ಉಗುರನ್ನು ಒತ್ತೋರು. ಕಾಗದ ಒಂಚೂರು ಕುಳಿ ಬೀಳುತ್ತಿತ್ತು, ಅಷ್ಟೇ.

"ಇಲ್ಲೇನೋ ಇದೆ, ನೋಡಪ್ಪ" ಅನ್ನೋರು.

ಮಗು ನೋಡಬೇಕು. ಸಿಗದಿದ್ದರೆ ಇನ್ನೊಂದು ಸಲ ನೋಡಬೇಕು. ಸಿಕ್ಕಮೇಲೆ ಆ ಸಾಲನ್ನು ಕೆಳಗಡೆ ಸರಿಯಾಗಿ ಬರೆಯಬೇಕು. ನಾಲ್ಕೂವರೆಗೆ ನಾನು ಬೀಗದ ಕೈ ಜವಾನ ಮುದ್ದಯ್ಯನಿಗೆ ಕೊಟ್ಟು ಕಾಫಿಗೆ ಹೊರಟಿರುತ್ತಿದ್ದೆ. ಅವರ ಕೋಣೆಯಲ್ಲಿ ಇನ್ನೂ ಇಪ್ಪತ್ತನೇ ಮಗು ಮಣೆಯ ಮೇಲೆ ಇರುತ್ತಿತ್ತು.

ಒಂದು ಸಲ ಲೆಕ್ಕ ಬಾರದ ಹುಡುಗನೊಬ್ಬ ಪುಟದ ತುಂಬಾ ಶ್ರೀರಾಮ ಅಂತಲೇ ಬರೆದುಕೊಂಡು ಬಂದ. ಸೀತಾರಾಮಯ್ಯನವರು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು, "ರಾಮನ ಕೆಲಸ ಆಯ್ತು. ಈಗ ಕೂತ್ಕೊಂಡು ನಿನ್ನ ಕೆಲಸ ಮಾಡು" ಅಂದರು.

ಆ ಹೆಬ್ಬೆರಳಿನ ಉಗುರನ್ನು ಅವರು ಸ್ವಲ್ಪ ಬೆಳೆಸಿದ್ದರು. ಮಂದಿರದ ಪಕ್ಕದ ಒಂದು ಕೋಣೆಯಲ್ಲೇ ಅವರ ಸಂಸಾರ. ನಾನು ಹೋದಾಗ ಅವರ ಮನೆಯವರು ಪದ್ಮಮ್ಮ ಹೇಳುತ್ತಿದ್ದರು: "ನೋಡಿ ಮೂರ್ತಿ, ಸ್ಕೂಲಿಗೆ ಅಂತ ಬೆಳೆಸಿದ ಉಗುರು ಇದು. ಮನೇಲಿ ಒಂದು ಬೆಳ್ಳುಳ್ಳಿ ಬಿಡಿಸಿದ್ದಿಲ್ಲ."

"ನಮ್ಮನೇಲಿ ಬೆಳ್ಳುಳ್ಳಿ ಎಲ್ಲಿ ತರ್ತೀಯೆ ನೀನು?" ಅಂತ ಮೇಷ್ಟ್ರು.

"ಉಗುರು ಕೆಲಸ ಮಾಡೋದಾದ್ರೆ ಅದನ್ನೂ ತರ್ತಿದ್ದೆ ಬಿಡಿ."

ಮಕ್ಕಳಿಲ್ಲದ ಮನೆ. ಹದಿನೇಳು ವರ್ಷ ಮಂಡಲಿ ಕೊಟ್ಟದ್ದರಲ್ಲೇ ನಡೆದಿತ್ತು. ಅವರಿಗೆ ಸಂಸ್ಕೃತ ಪಾಠಶಾಲೆಯ ಸರ್ಟಿಫಿಕೇಟು ಇತ್ತು, ಮೇಷ್ಟ್ರ ಟ್ರೈನಿಂಗ್ ಇರಲಿಲ್ಲ. ಅದು ಯಾರಿಗೂ ಬೇಕಾಗಿರಲೂ ಇಲ್ಲ, ಎಪ್ಪತ್ತೆಂಟನೇ ಇಸವಿ ಬರುವ ತನಕ.

ಆ ವರ್ಷ ಶಾಲೆ ಗ್ರಾಂಟಿಗೆ ಸೇರುವುದೆಂದಾಯಿತು. ಅಂದರೆ ಸಂಬಳ ಸರ್ಕಾರದಿಂದ ಬರುತ್ತದೆ, ಸರ್ಕಾರ ಒಪ್ಪಿದ ಮೇಷ್ಟ್ರುಗಳಿಗೆ ಮಾತ್ರ. ಟ್ರೈನಿಂಗ್ ಆದ ನಮಗೆ ಕಾಗದ ಪತ್ರ ನೋಡಿದರೆ ಮುಗಿಯಿತು. ಸೀತಾರಾಮಯ್ಯನವರಿಗೆ ಮಾತ್ರ ಇನ್ಸ್‌ಪೆಕ್ಟರ್ ಬಂದು, ಕ್ಲಾಸಿನಲ್ಲಿ ಕೂತು, ಮಕ್ಕಳ ಪುಸ್ತಕ ನೋಡಿ, ಇವರು ಪಾಠ ಮಾಡಲು ಯೋಗ್ಯರು ಅಂತ ಬರೆಯಬೇಕು. ಬರೆದರೆ ಉಳಿಯುತ್ತಾರೆ. ಬರೆಯದಿದ್ದರೆ ಏಪ್ರಿಲ್‌ಗೆ ಕ್ಲಾಸು ಬಿಡಬೇಕು, ಕೋಣೆಯನ್ನೂ ಬಿಡಬೇಕು.

ಹೆಡ್‌ಮಾಸ್ಟರಾಗಿದ್ದ ಯೋಗನರಸಿಂಹ ಒಂದು ದಿನ ಅವರನ್ನು ಕರೆದು ಹೇಳಿದರು: "ಸೀತಾರಾಮಯ್ಯನೋರೆ, ಈ ಒಂದು ಸಲ ಕೆಂಪು ಮಸಿ ಹಾಕಿಬಿಡಿ. ಸಾಹೇಬ್ರು ಮೊದಲು ನೋಡೋದೇ ಅದು. ರಾಮನ ಹತ್ರ ನಾನು ಮಾತಾಡ್ಕೋತೀನಿ."

"ನೋಡೋಣ ಸಾರ್" ಅಂದು ಅವರು ಒಂದು ಬಾಟ್ಲಿ ಕೆಂಪು ಮಸಿ ತಂದು ಮೇಜಿನ ಮೇಲಿಟ್ಟರು. ವಾರ ಕಳೆಯಿತು. ಬಾಟ್ಲಿಯ ಮುಚ್ಚಳದ ಮೇಲೆ ಸೀಮೆಸುಣ್ಣದ ಪುಡಿ ಕೂತಿತು.

ನಾನು ಇಷ್ಟು ನೋಡಿಕೊಂಡು ಸುಮ್ಮನಿದ್ದಿದ್ದರೆ ಈ ಕಥೆ ಬರೆಯುವ ಅಗತ್ಯ ಬರುತ್ತಿರಲಿಲ್ಲ. ಆದರೆ ಟ್ರೈನಿಂಗ್ ಆದವನು ನಾನು, ಉಪಕಾರ ಮಾಡುವ ಹುಮ್ಮಸ್ಸು ಬೇರೆ. ಇನ್ಸ್‌ಪೆಕ್ಟರ್ ಸೋಮವಾರ ಬರುವುದೆಂದು ಗೊತ್ತಾಯಿತು. ಶನಿವಾರ ಅರ್ಧ ಹೊತ್ತಿನ ಶಾಲೆ ಮುಗಿಸಿ ಸೀತಾರಾಮಯ್ಯ ದಂಪತಿಗಳು ಯಾವುದೋ ಮುಂಜಿ ಅಂತ ತುಮಕೂರಿಗೆ ಹೊರಟರು. ನಾನು ಮುದ್ದಯ್ಯನ ಹತ್ತಿರ ಹೋದೆ.

"ಆರನೇ ಕ್ಲಾಸಿನ ಬೀಗ ತೆಗಿ ಮುದ್ದಯ್ಯ. ಪುಸ್ತಕ ಬೇಕು."

"ಯಾಕೆ ಸಾ?"

ಹೇಳಿದೆ. ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಯೋಚನೆ ಮಾಡಿದ. "ಒಳ್ಳೇದೇ ಬುಡಿ. ಸಾಹೇಬ್ರು ಕೆಂಪು ಕಂಡ್ರೆ ಖುಷಿ ಆಯ್ತಾರೆ, ಗಂಡಿನ ಕಡೆಯೋರು ಒಡವೆ ಕಂಡಂಗೆ. ಆದ್ರೆ ಅಯ್ನೋರಿಗೆ ಏನಂತೀರಿ?"

"ಅವರಿಗೆ ಹೇಳೋದ್ಯಾಕೆ?"

"ಅಂಗಾರೆ ನಂಗೂ ನೀವು ಹೇಳಿಲ್ಲ" ಅಂದು ಬೀಗ ತೆಗೆದ.

ಸೋಮವಾರಕ್ಕೆ ಅಂತ ಶಾಲೆಯಲ್ಲೇ ಇಡಿಸಿದ್ದ ನಲವತ್ತೆರಡು ಹೋಂವರ್ಕ್ ಪುಸ್ತಕಗಳನ್ನು ಎರಡು ಚೀಲದಲ್ಲಿ ರೂಮಿಗೆ ಹೊತ್ತುಕೊಂಡು ಹೋದೆ. ಶನಿವಾರ ಮಧ್ಯಾಹ್ನ ಕೂತವನು ಭಾನುವಾರ ಸಂಜೆ ಎದ್ದೆ. ಮೂರು ತಿಂಗಳ ಕೆಲಸ. ಸಂಸ್ಕೃತ ನನಗೆ ಬಾರದು, ಆದ್ದರಿಂದ ಅಲ್ಲಿ ಎಲ್ಲರಿಗೂ ಸರಿ ಹಾಕಿದೆ. ಆ ಸೇಡನ್ನು ಕನ್ನಡದಲ್ಲೂ ಲೆಕ್ಕದಲ್ಲೂ ತೀರಿಸಿಕೊಂಡೆ. ಮಕ್ಕಳು ಕೆಳಗೆ ತಾವೇ ತಿದ್ದಿ ಬರೆದಿದ್ದರೂ ಮೇಲಿನ ತಪ್ಪು ಸಾಲನ್ನು ಬಿಡಲಿಲ್ಲ, ಎಳೆದು ಗೀಟು ಹಾಕಿದೆ. ಪುಟದ ಕೊನೆಗೆ 'ಸೀ.ರಾ.' ಅಂತ ರುಜು, ಹಳೇ ತಾರೀಕು. ಕೈ ಸೋತಂತೆಲ್ಲ ಟಿಕ್ಕಿನ ಬಾಲ ಉದ್ದವಾಗಿ, ಎಷ್ಟೋ ಪುಟದಲ್ಲಿ ತಲೆಯ ಮೇಲಿನ ಶ್ರೀರಾಮನನ್ನೂ ಸೀಳಿಕೊಂಡು ಹೋಗಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಆಗಲೇ ಮೂವತ್ತು ಪುಸ್ತಕ ಮುಗಿದಿದ್ದವು, ಮುಂದುವರಿಸಿದೆ. ಮುಗಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಆರನೇ ಕ್ಲಾಸಿನ ಬಾಗಿಲಲ್ಲಿ ನಿಂತೆ, ಅವರ ಮುಖ ಅರಳುವುದನ್ನು ನೋಡೋಣ ಅಂತ. ಮಕ್ಕಳು ಪುಸ್ತಕ ತೆಗೆದುಕೊಂಡು ಬಿಚ್ಚಿದರು. ಆಮೇಲೆ ಓಬಳಮ್ಮ ಅನ್ನುವ ಹುಡುಗಿ ಪುಸ್ತಕ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ತಪ್ಪು ಬರೆಯುವವಳು, ಎಲ್ಲರಿಗಿಂತ ಹೆಚ್ಚು ತಿದ್ದಿ ಬರೆಯುವವಳೂ ಅವಳೇ. ಅವಳ ಪುಟಗಳಲ್ಲಿ ನನ್ನ ಕೆಂಪು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಮೇಷ್ಟ್ರೇ, ನಾನು ಸರಿ ಮಾಡಿದ್ನಲ್ಲ" ಅಂದಳು. "ನೀವೇ ಸರಿ ಅಂದಿದ್ರಿ. ಇಷ್ಟು ದಡ್ಡೀನಾ ನಾನು?"

ಸೀತಾರಾಮಯ್ಯನವರು ಪುಸ್ತಕವನ್ನು ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿದರು. ಕೊನೆಗೆ ನನ್ನ ಕಡೆ ನೋಡಿದರು. ನಾನು ಒಳಗೆ ಹೋಗಿ ಪಿಸುಮಾತಿನಲ್ಲಿ, "ಇವತ್ತೊಂದು ದಿನ ಸಾರ್. ಸಾಹೇಬ್ರು ಹೋದಮೇಲೆ ಎಲ್ಲರಿಗೂ ಹೊಸ ಪುಸ್ತಕ ತಂದು ಕೊಡ್ತೀನಿ" ಅಂದೆ. ಅವರು ಆ ಹುಡುಗಿಯ ಕಡೆ ತಿರುಗಿ, "ದಡ್ಡಿ ಅಲ್ಲಮ್ಮ ನೀನು. ಹೋಗಿ ಕೂತ್ಕೋ" ಅಂದರು.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಬಂದರು. ಕೆಟ್ಟ ಮನುಷ್ಯ ಅಂದರೆ ಕಥೆಗೆ ಅನುಕೂಲವಾಗುತ್ತಿತ್ತು, ಆದರೆ ಅಲ್ಲ. ಚಪ್ಪಲಿ ಹೊರಗೆ ಬಿಟ್ಟು, ಮಂದಿರಕ್ಕೆ ಕೈಮುಗಿದು ಒಳಗೆ ಬಂದರು. ನನ್ನ ಕಾಗದ ಪತ್ರವನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದರು. ಆರನೇ ಕ್ಲಾಸಿನಲ್ಲಿ ಪೂರ್ತಿ ಒಂದು ಪೀರಿಯಡ್ ಕೂತರು. ಮೇಷ್ಟ್ರು ಶ್ಲೋಕ ಹೇಳಿಕೊಟ್ಟರು, ಮಕ್ಕಳು ಅರ್ಥ ಹೇಳಿದವು. ಸಾಹೇಬರು ತಲೆದೂಗಿದರು. ಹೆಡ್‌ಮಾಸ್ಟರೂ ನಾನೂ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆವು. ಆಮೇಲೆ ಪುಸ್ತಕ ಕೇಳಿದರು.

ನಾಲ್ಕೈದು ತಿರುವಿ, "ಕರೆಕ್ಷನ್ ರೆಗ್ಯುಲರ್ ಆಗಿದೆ. ದಿನಾ ನೋಡಿದೀರಿ. ಟ್ರೈನಿಂಗ್ ಆದೋರೇ ಇಷ್ಟು ಮಾಡಲ್ಲ" ಅಂದು ಫೈಲು ಬಿಚ್ಚಿ ಪೆನ್ನಿನ ಕ್ಯಾಪು ತೆಗೆದರು. ಹೆಡ್‌ಮಾಸ್ಟರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

"ಅದು ನನ್ನ ಕೈ ಅಲ್ಲ ಸಾರ್" ಅಂದರು ಸೀತಾರಾಮಯ್ಯ.

"ಏನು?"

"ಆ ಕೆಂಪು ಮಸಿ ನಾನು ಹಾಕಿದ್ದಲ್ಲ. ಮಕ್ಕಳ ಮುಂದೆ ನಂದು ಅಂತ ಹೇಗೆ ಒಪ್ಪಲಿ?"

"ಇಲ್ಲಿ ನಿಮ್ಮ ರುಜು ಇದೆ."

"ರುಜುನೂ ನಂದಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು. "ಮತ್ತೆ ಯಾರದ್ದು?"

ಅದೇ ಫೈಲಿನಲ್ಲಿ ನನ್ನ ಹೆಸರೂ ಇತ್ತು, ಇನ್ನೂ ಸೈನ್ ಆಗಿರಲಿಲ್ಲ. 'ನನ್ನದು ಸಾರ್' ಅನ್ನಬೇಕು, ಎರಡೇ ಮಾತು. ನಾನು ಗೋಡೆಯ ಮೇಲಿನ ಭೂಪಟ ನೋಡುತ್ತಾ ನಿಂತೆ.

"ಅದು ಬೇಡ ಸಾರ್" ಅಂದರು ಮೇಷ್ಟ್ರು. "ನಾನು ತಿದ್ದೋದು ಹೀಗೆ" ಅಂತ ಓಬಳಮ್ಮನ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಕೆಂಪು ಗೀಟಿನ ಕೆಳಗೆ ಉಗುರಿನ ಸಣ್ಣ ಕುಳಿಗಳು ಸಾಲುಸಾಲಾಗಿ ಕಂಡವು. ಪ್ರತಿ ಕುಳಿಯ ಕೆಳಗೂ ಆ ಹುಡುಗಿ ತಿದ್ದಿ ಬರೆದ ಸಾಲು. ಅವರು ಬಹಳ ಹೊತ್ತು ನೋಡಿದರು. ಇನ್ನೊಂದು ಪುಸ್ತಕ ತೆಗೆದು ತಾವೇ ಬೆಳಕಿಗೆ ಹಿಡಿದು ನೋಡಿದರು.

"ನಾನು ನೋಡಿದೆ ಮೇಷ್ಟ್ರೇ" ಅಂದರು. "ಬರೇ ಇದೇ ಇದ್ದಿದ್ರೆ ಹೇಗೋ ಬರೀತಿದ್ದೆ. ಈಗ ಇದರ ಮೇಲೆ ಸುಳ್ಳು ರುಜು ಕೂತಿದೆ. ಯಾರು ಹಾಕಿದ್ದು ಅಂತ ನೀವು ಹೇಳಲ್ಲ. ರಿಪೋರ್ಟಲ್ಲಿ ಏನಂತ ಬರೀಲಿ ನಾನು?"

ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಫೈಲು ಕಟ್ಟಿಕೊಂಡು ಹೆಡ್‌ಮಾಸ್ಟರ ಕೋಣೆಗೆ ಹೋದರು.

ನನ್ನ ಅಪ್ರೂವಲ್ ಮಾರ್ಚಿನಲ್ಲಿ ಬಂತು. ಏಪ್ರಿಲ್‌ನಲ್ಲಿ ಸೀತಾರಾಮಯ್ಯನವರು ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ ಕಟ್ಟಿಕೊಂಡು ಕುಣಿಗಲ್ಲಿಗೆ ಹೊರಟರು. ಬಸ್ಸಿನ ಮೇಲೆ ಟ್ರಂಕು ಏರಿಸಲು ನಾನೂ ಕೈಹಾಕಿದೆ, ಅಂಥಾ ಕೆಲಸಕ್ಕೆ ನಾನು ಯಾವತ್ತೂ ಮುಂದೆ. ಪದ್ಮಮ್ಮ ನನ್ನ ಜೊತೆ ಮಾತಾಡಲಿಲ್ಲ. ಜೂನ್‌ನಲ್ಲಿ ಆರನೇ ಕ್ಲಾಸನ್ನು ನನಗೆ ಕೊಟ್ಟರು.

ಮೂರು ವರ್ಷ ನಾನು ಕುಣಿಗಲ್ ಕಡೆಗೆ ತಲೆ ಹಾಕಲಿಲ್ಲ. ಎಂಬತ್ತೊಂದರಲ್ಲಿ ಯಡಿಯೂರಿಗೆ ಒಂದು ಮದುವೆಗೆ ಹೋದವನು, ಬರುವಾಗ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಪದ್ಮಮ್ಮನ ಅಣ್ಣ ಅನಂತರಾಮಯ್ಯನವರ ಹೋಟೆಲು ಅಲ್ಲೇ. ಬಾಗಿಲ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂತು ಸೀತಾರಾಮಯ್ಯನವರು ಕಾಫಿ ತಿಂಡಿಯ ಟೋಕನ್ ಕೊಡುತ್ತಿದ್ದರು. ಹೆಬ್ಬೆರಳಿನ ಉಗುರನ್ನೂ ಬೇರೆ ಬೆರಳುಗಳದ್ದರ ಹಾಗೆಯೇ ಕತ್ತರಿಸಿಕೊಂಡಿದ್ದರು.

"ಅಂಜನಮೂರ್ತಿ ಅಲ್ವೇ? ಬನ್ನಿ ಬನ್ನಿ" ಅಂದರು. "ದೋಸೆ ಚೆನ್ನಾಗಿರುತ್ತೆ. ನಾನು ಮಾಡೋದಲ್ಲ, ಆದ್ದರಿಂದ ಧೈರ್ಯವಾಗಿ ಹೇಳ್ತೀನಿ."

ದೋಸೆ ತಿಂದೆ. ಗಿರಾಕಿ ಕಡಿಮೆಯಾದಾಗ ಕುರ್ಚಿಯ ಹತ್ತಿರ ಹೋಗಿ, "ಇಲ್ಲಿ ಮಕ್ಕಳಿಗೆ ಪಾಠ ಹೇಳ್ತಿಲ್ವಾ ಸಾರ್?" ಅಂತ ಕೇಳಿದೆ.

"ಭಾವ ಹೇಳಿದ್ರು, ಮಹಡಿ ಮೇಲೆ ಟ್ಯೂಷನ್ ಮಾಡಿ ಅಂತ. ಬೇಡ ಅಂದೆ. ಸರ್ಕಾರ ಯೋಗ್ಯ ಅಲ್ಲ ಅಂತ ಬರೆದ ಮೇಲೆ, ಮಕ್ಕಳನ್ನ ಕರೆದು ಕೂರಿಸ್ಕೊಂಡ್ರೆ ಅವರಿಗೆ ಮೋಸ ಮಾಡಿದ ಹಾಗೆ ಅನ್ಸುತ್ತೆ." ಇಷ್ಟನ್ನೂ ಟೋಕನ್ ಜೋಡಿಸುತ್ತಲೇ ಹೇಳಿದರು.

"ಸಾರ್, ಅವತ್ತು ಆ ಪುಸ್ತಕ…"

"ಗೊತ್ತು" ಅಂದರು. "ಟಿಕ್ಕಿನ ಬಾಲ ಅಷ್ಟುದ್ದ ಎಳೆಯೋರು ಸ್ಕೂಲಲ್ಲಿ ನೀವೊಬ್ರೇ."

"ಗೊತ್ತಿದ್ದೂ ಹೇಳಲಿಲ್ಲ ನೀವು. ಹೆಸರು ಹೇಳಿದ್ರೆ ಸಾಹೇಬ್ರು ನಿಮ್ಮದು ಬರೀತಿದ್ರು."

"ಬರೀತಿದ್ರೋ ಏನೋ. ನಿಮ್ಮದು ಮಾತ್ರ ಖಂಡಿತ ಹೋಗ್ತಿತ್ತು. ಇಬ್ರದ್ದೂ ಹೋಗಿದ್ರೆ ಆ ಮಕ್ಕಳಿಗೆ ಯಾರು ದಿಕ್ಕು? ಒಬ್ರಾದ್ರೂ ಉಳೀಲಿ ಅಂತ ಸುಮ್ಮನಾದೆ." ಟೋಕನ್ನಿನ ಕಟ್ಟು ಪಕ್ಕಕ್ಕಿಟ್ಟು, "ನೀವೇ ಎದ್ದು ಹೇಳ್ತೀರೇನೋ ಅಂತಲೂ ನೋಡಿದೆ, ಸುಳ್ಳು ಯಾಕೆ ಹೇಳಲಿ" ಅಂದರು.

ಅಷ್ಟರಲ್ಲಿ ಯಾರೋ ಎರಡು ಕಾಫಿ ಅಂದರು. ಅವರು ಆ ಕಡೆ ತಿರುಗಿದರು. ನಾನು ನನ್ನ ಬಸ್ಸು ಹಿಡಿದೆ.

ಹೋದ ವರ್ಷ, ಎಂಬತ್ತಮೂರರ ಆಗಸ್ಟ್‌ನಲ್ಲಿ, ಅನಂತರಾಮಯ್ಯನವರ ಕಾರ್ಡು ಬಂತು. ಸೀತಾರಾಮಯ್ಯ ಭಾವನವರು ತೀರಿಕೊಂಡು ಮೂರು ದಿನವಾಯಿತು, ಎದೆನೋವು ಅಂತ. ಹೆಡ್‌ಮಾಸ್ಟರು ಯೋಗನರಸಿಂಹ ಕಾರ್ಡು ಓದಿ, "ನೀವು ಹೋಗಿಬನ್ನಿ ಮೂರ್ತಿ, ರಜ ಕೊಡ್ತೀನಿ" ಅಂದರು. ನಾನು ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ. ಮೊದಲನೇ ಬೆಲ್ಲು ಆಗಿತ್ತು.

"ಭಾನುವಾರ ಹೋಗ್ತೀನಿ ಸಾರ್" ಅಂದೆ. "ಇವತ್ತು ಆರನೇ ಕ್ಲಾಸಿಗೆ ಬೇರೆ ಯಾರೂ ಇಲ್ಲ."