ದೃಷ್ಟಿದೋಷ

ಮೊನ್ನೆ ರಕ್ತ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದೆ. ಈ ವಯಸ್ಸಿನಲ್ಲಿ ನಮಗೆ ಉಳಿದಿರುವ ಪರೀಕ್ಷೆ ಅದೊಂದೇ ನೋಡಿ. ಅದರಲ್ಲೂ ಸಕ್ಕರೆಯ ವಿಷಯದಲ್ಲಿ ಪ್ರತಿ ಸಲ ನಪಾಸು. ನರ್ಸಮ್ಮ ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ತಣ್ಣನೆಯ, ಮೂಗಿಗೇರುವ ವಾಸನೆ ಬಂದದ್ದೇ ತಡ, ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ಆ ವಾಸನೆಗೆ ಬೇರೆಯವರಿಗೆ ಕಾಯಿಲೆ ಕಸಾಲೆ ನೆನಪಾಗುತ್ತದೆ. ನನಗೆ ನೆನಪಾಗುವುದು ಟೇಪ್ ರೆಕಾರ್ಡರು. ನಗಬೇಡಿ, ಹೇಳುತ್ತೇನೆ.

ಎಂಬತ್ತರ ದಶಕದ ಆರಂಭದ ವರ್ಷಗಳು. ನಾನು ಹೊನ್ನಾಳಿಯವಳು, ಮಾಸ್ತರಿಕೆ ಸಿಕ್ಕಿದ್ದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬೇಡ, ಅಲ್ಲಿಯವರು ಇನ್ನೂ ಇದ್ದಾರೆ. ನಲ್ಲೂರಿನಲ್ಲಿ ಬಾಡಿಗೆ ಕೋಣೆ, ಅಲ್ಲಿಂದ ಮೂರು ಮೈಲಿ ನಡಿಗೆ. ಶಾಲೆಯ ಉದ್ದನೆಯ ಹಾಲಿನಲ್ಲಿ ಆರನೇ ತರಗತಿ ಒಂದು ಗೋಡೆಗೆ ಮುಖ ಮಾಡಿ, ಏಳನೇ ತರಗತಿ ಎದುರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದವು. ಎರಡಕ್ಕೂ ನಾನೊಬ್ಬಳೇ. ಆರನೆಯವರಿಗೆ ಲೆಕ್ಕ ಕೊಟ್ಟು ಏಳನೆಯವರ ಕಡೆ ತಿರುಗಿದರೆ ಬೆನ್ನ ಹಿಂದೆ ಸಂತೆ. ಅವರನ್ನು ಗದರಿಸಿ ಬರುವಷ್ಟರಲ್ಲಿ ಇವರ ಸಂತೆ. ಕೂಗಿ ಕೂಗಿ ದಸರೆ ಹೊತ್ತಿಗೆ ನನ್ನ ಗಂಟಲು ಕಟ್ಟಿಹೋಗಿತ್ತು. ಸಿಟ್ಟು ಮಾತ್ರ ಚೆನ್ನಾಗಿಯೇ ಇತ್ತು. ಮಕ್ಕಳು ಎದುರಿಗೆ ನನ್ನನ್ನು 'ಅಕ್ಕೋರೆ' ಎನ್ನುತ್ತಿದ್ದರು. ಹಿಂದಿನಿಂದ ಏನೆನ್ನುತ್ತಿದ್ದರೋ, ಒಳ್ಳೆಯದಂತೂ ಇರಲಾರದು.

ಶಾಲೆಗೆ ಇಲಾಖೆಯವರು ಒಂದು ಟೇಪ್ ರೆಕಾರ್ಡರ್ ಕೊಟ್ಟಿದ್ದರು. ಹೆಡ್‌ಮೇಷ್ಟ್ರು ಚನ್ನಬಸಪ್ಪನವರು ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ತೆಗೆದು, ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ, ಮಂಗಳಾರತಿಯಾದ ಮೇಲೆ ಮತ್ತೆ ಒಳಗೆ. ಅದು ಮಾತಾಡುತ್ತದೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ಪೂಜೆ ಮುಗಿದು ಅದು ಮತ್ತೆ ಟವೆಲ್ಲಿನೊಳಗೆ ಹೋಗುವಾಗ ನಾನು ಅಡ್ಡ ನಿಂತೆ.

"ಸರ್ಕಾರದ ಸಾಮಾನಮ್ಮಾ, ಕೆಟ್ರೆ ಯಾರು ಜವಾಬ್ದಾರಿ? ಬರೋ ಬೇಸಿಗೆಗೆ ರಿಟೈರ್ ಆಗೋನು ನಾನು. ಸುಮ್ನಿರ್ರೀ," ಎಂದರು ಅವರು.

ಎಂಥ ಪುಕ್ಕಲ ಮನುಷ್ಯ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಒಂದು ವಾರ ಕಾಡಿ ಬೇಡಿ, ಕೊನೆಗೆ ಕಟ್ಟಿದ ಗಂಟಲನ್ನೇ ತೋರಿಸಿ ಬೀಗದ ಕೈ ಇಸಿದುಕೊಂಡೆ.

ನನ್ನ ಉಪಾಯ ಇಷ್ಟೇ. ಭಾನುವಾರ ಕೋಣೆಯಲ್ಲಿ ಕೂತು ಆರನೆಯವರ ಪಾಠವನ್ನು ನನ್ನ ದನಿಯಲ್ಲೇ ಕ್ಯಾಸೆಟ್ಟಿಗೆ ಹಿಡಿಯುವುದು. ಸೋಮವಾರ ಅದನ್ನು ಅವರ ಮುಂದೆ ಹಾಕಿಟ್ಟು ನಾನು ಏಳನೆಯವರ ಕಡೆ ತಿರುಗುವುದು. ಟೇಪಿನೊಳಗಿನ ಅಕ್ಕೋರಿಗೆ ಮಕ್ಕಳು ಹೊರಗಿನ ಅಕ್ಕೋರಿಗಿಂತ ಹೆಚ್ಚು ಹೆದರಿದರು. ಶಾಲೆಯಲ್ಲಿ ಕರೆಂಟು ಇದ್ದೂ ಇಲ್ಲದ ಹಾಗೆ, ಹಾಗಾಗಿ ಸೆಲ್ಲು. ಸೆಲ್ಲು ಮುಗಿಯುತ್ತ ಬಂದರೆ ನನ್ನ ದನಿ ಗಂಡಸರ ದನಿಯಾಗುತ್ತಿತ್ತು. ಆಗ ಮಕ್ಕಳು ಸೆಲ್ಲುಗಳನ್ನು ಕಾಂಪೌಂಡಿನ ಮೇಲೆ ಬಿಸಿಲಿಗಿಟ್ಟು ಕಾಯುತ್ತಿದ್ದರು. ಹಾಗೆ ಒಣಗಿಸಿದರೆ ಇನ್ನೆರಡು ಪಾಠಕ್ಕೆ ಬರುತ್ತವೆಂದು ನಂಬಿಕೆ. ಎಷ್ಟೋ ಸಲ ಬರುತ್ತಲೂ ಇದ್ದವು. ಶನಿವಾರ ಮಧ್ಯಾಹ್ನ ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಟೇಪ್ ರೆಕಾರ್ಡರಿನ ಹೆಡ್ಡನ್ನು, ಅಂದರೆ ಕ್ಯಾಸೆಟ್ಟಿನ ಪಟ್ಟಿ ತಾಗುವ ಜಾಗವನ್ನು, ಒರೆಸುವುದು ನನ್ನ ಕೆಲಸ.

ಏಳನೇ ತರಗತಿಯ ಕೊನೆಯ ಸಾಲಿನಲ್ಲಿ ಮಾಬೂಬಿ ಎಂಬ ಹುಡುಗಿ ಇದ್ದಳು. ತಂದೆ ಇಮಾಮ್ ಸಾಬರು ಹತ್ತಿ ಹಿಂಜಿ ಗಾದಿ ಹೊಲಿಯುವವರು. ಹುಡುಗಿ ಚೂಟಿ, ಮಾತಿಗೆ ಮಾತು ಜೋಡಿಸುವುದರಲ್ಲಿ ನನ್ನನ್ನೂ ಮೀರಿಸುವವಳು. ಆದರೆ ಪುಸ್ತಕ ಕೈಗೆ ಕೊಟ್ಟರೆ ಕಲ್ಲು. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಬೆವರುತ್ತಿದ್ದಳು. ಬೋರ್ಡಿನ ಮೇಲಿದ್ದದ್ದನ್ನು ನೋಡಿ ಬರೆ ಎಂದರೆ ರಂಗೋಲಿ ಬಿಟ್ಟಷ್ಟು ಚಂದ ಬರೆಯುವಳು. ಏನು ಬರೆದೆ, ಓದು ಎಂದರೆ ಬಾಯಿಲ್ಲ. "ಅಕ್ಷರ ಅಲುಗಾಡ್ತಾವ್ರೀ ಅಕ್ಕೋರೆ," ಎಂದಳು ಒಮ್ಮೆ. ಸೋಮಾರಿತನಕ್ಕೆ ಎಂಥ ನೆಪ ಎಂದು ಬೆಂಚಿನ ಮೇಲೆ ನಿಲ್ಲಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಒಂದು ದಿನವಲ್ಲ, ಹಲವು ದಿನ ನಿಲ್ಲಿಸಿದೆ.

ನಮ್ಮ ಕನ್ನಡದಲ್ಲಿ 'ಓದು' ಎಂಬ ಒಂದೇ ಮಾತಿಗೆ ಎರಡು ಕೆಲಸ ಹಚ್ಚಿಬಿಟ್ಟಿದ್ದೇವೆ. ಅಕ್ಷರ ಕೂಡಿಸುವುದೂ ಓದು, ವಿದ್ಯೆ ಕಲಿಯುವುದೂ ಓದು. ಮೊದಲನೆಯದು ಬಾರದಿದ್ದರೆ ಎರಡನೆಯದೂ ಬಾರದು ಎಂದು ಯಾರೂ ವಿಚಾರಿಸದೆ ತೀರ್ಮಾನವಾಗಿಬಿಡುತ್ತದೆ. ನಾನೂ ಇಮಾಮ್ ಸಾಬರನ್ನು ಕರೆಸಿ, "ನಿಮ್ಮ ಹುಡುಗಿಗೆ ಓದು ಹತ್ತಲ್ಲ," ಎಂದು ಹೇಳಿ ಕೈ ತೊಳೆದುಕೊಂಡೆ. ಅವರು ತಲೆಯ ಮೇಲಿನ ಹತ್ತಿಯ ಎಳೆ ಕೊಡವಿಕೊಳ್ಳುತ್ತ, "ಏಳನೇದು ಪಾಸಾದ್ರೆ ಹೈಸ್ಕೂಲಿಗೆ ಕಳಿಸ್ತೀನ್ರೀ. ಇಲ್ಲಾಂದ್ರೆ ಜಗಳೂರಾಗೆ ನಮ್ಮಕ್ಕ ಐದಾಳೆ, ಗಾದಿ ಹೊಲಿಯಾಕೆ ಅಲ್ಲಿಗೆ ಬಿಡ್ತೀನಿ," ಎಂದರು. ಆಗೆಲ್ಲ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ. ಎಷ್ಟೋ ಹೆಣ್ಣುಮಕ್ಕಳ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ದಿನ ಆರನೆಯವರಿಗೆ ಬೀಜ ಮೊಳೆಯುವ ಪಾಠ ಹಾಕಿದ್ದೆ. ಅರ್ಧಕ್ಕೆ ಸೆಲ್ಲು ಸತ್ತು ಟೇಪು ನಿಂತಿತು. ನಾನು ಈ ಕಡೆ ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದೆ. ನಿಂತ ಪಾಠ ನನ್ನ ಬೆನ್ನ ಹಿಂದೆ ಮತ್ತೆ ಶುರುವಾಯಿತು. ಮಾತು ನನ್ನದೇ, ದನಿ ಬೇರೆ.

"ನೀರು, ಗಾಳಿ, ಹದವಾದ ಶಾಖ, ಈ ಮೂರೂ ಸಿಕ್ಕರೆ ಬೀಜದೊಳಗಿನ ಮೊಳಕೆ... ಹುಶ್! ಆಚೆ ಹೋಗ್ ಶನಿ!... ಮೊಳಕೆಯು ಸಿಪ್ಪೆಯನ್ನು ಒಡೆದುಕೊಂಡು ಹೊರಗೆ ಬರುತ್ತದೆ."

ಆ 'ಹುಶ್' ನಾನು ಭಾನುವಾರ ನಮ್ಮ ಮನೆಯೊಡತಿಯ ಕೋಳಿಗೆ ಹೇಳಿದ್ದು. ಅದೂ ಕ್ಯಾಸೆಟ್ಟಿಗೆ ಸೇರಿತ್ತು. ಮಾಬೂಬಿ ಕೊನೆಯ ಸಾಲಿನಲ್ಲಿ ಕೂತಲ್ಲೇ, ನನ್ನ ಕೆಮ್ಮು ಸಮೇತ ಪಾಠವನ್ನು ಕೊನೆಯವರೆಗೂ ಒಪ್ಪಿಸಿದಳು. ಹಿಂದಿನ ವರ್ಷ ಅವಳು ಆರನೆಯದರಲ್ಲಿದ್ದಾಗ ಈ ಕ್ಯಾಸೆಟ್ಟೇ ಇರಲಿಲ್ಲ. ಅವಳು ಕೇಳಿದ್ದು ಹಿಂದಿನ ದಿನ ಒಂದೇ ಸಲ, ಅದೂ ಬೇರೆ ಗೋಡೆಗೆ ಮುಖ ಮಾಡಿ ಕೂತು. ಮಕ್ಕಳೆಲ್ಲ ಹೋ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಪ್ರಶ್ನೆ ಕೇಳಿದೆ. ಶಾಖ ಕಡಿಮೆಯಾದರೆ? ಬೀಜ ಆಳಕ್ಕೆ ಬಿದ್ದರೆ? ಎಲ್ಲಕ್ಕೂ ತನ್ನದೇ ಮಾತಿನಲ್ಲಿ ಉತ್ತರ ಹೇಳಿದಳು. ಅಂದರೆ ಗಿಣಿಪಾಠವಲ್ಲ. ಅಯ್ಯೋ ದೇವರೇ, ಇಷ್ಟು ದಿನ ಇವಳನ್ನು ಬೆಂಚಿನ ಮೇಲೆ ನಿಲ್ಲಿಸಿದೆನಲ್ಲ!

ಅವತ್ತಿನಿಂದ ಏಳನೆಯವರ ಪಾಠಗಳನ್ನೂ ಹಿಡಿಯತೊಡಗಿದೆ. ಊಟದ ಬಿಡುವಿನಲ್ಲಿ ಮಾಬೂಬಿ ರೊಟ್ಟಿ ಕೈಯಲ್ಲಿ ಹಿಡಿದೇ ಟೇಪಿನ ಪಕ್ಕ ಕೂರುತ್ತಿದ್ದಳು. ಅರ್ಥವಾಗದಿದ್ದರೆ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುವಳು. ನಾನಾದರೆ ಎರಡನೇ ಸಲ ಕೇಳಿದವರ ಮೇಲೆ ಹರಿಹಾಯುತ್ತಿದ್ದೆ. ಆ ಪೆಟ್ಟಿಗೆಗೆ ಸಿಟ್ಟೇ ಇರಲಿಲ್ಲ. ತರಗತಿಯಲ್ಲಿ ಉಗ್ಗುವ ಹುಡುಗಿಯೊಬ್ಬಳಿದ್ದಳು. ಅವಳು ಯಾರೂ ಇಲ್ಲದಾಗ ಪದ್ಯ ಹೇಳಿ, ಕೇಳಿ, ಅಳಿಸಿ, ಮತ್ತೆ ಹೇಳಿ ನಾಲಿಗೆ ತಿದ್ದಿಕೊಂಡಳು. ಅಷ್ಟೂ ಮಕ್ಕಳಿಗೆ ಒಂದೇ ಅಳತೆಯ ಅಂಗಿ ಹೊಲಿದು ತೊಡಿಸುತ್ತಿದ್ದೆನಲ್ಲ ಎಂದು ಆಗ ಅನ್ನಿಸಿತು. ಮಾಬೂಬಿಯನ್ನು ಮುಂದೇನು ಮಾಡುತ್ತೀ ಎಂದು ಕೇಳಿದರೆ, "ಹೈಸ್ಕೂಲ್ನಾಗೆ ಇದರ ಮುಂದಿನ ಪಾಠ ಐತಂತಲ್ರೀ, ಅದನ್ನ ಕೇಳ್ಬೇಕು," ಎನ್ನುತ್ತಿದ್ದಳು.

ಆದರೆ ಪರೀಕ್ಷೆ? ಪರೀಕ್ಷೆಗೆ ಕಣ್ಣಿನಿಂದ ಓದಬೇಕು, ಕೈಯಿಂದ ಬರೆಯಬೇಕು. ಒಂದು ಮಧ್ಯಾಹ್ನ ಚನ್ನಬಸಪ್ಪನವರು ನನ್ನನ್ನೂ ಮಾಬೂಬಿಯನ್ನೂ ಅವಳ ತಂದೆಯನ್ನೂ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೋಡ್ರಮ್ಮಾ, ಕಣ್ಣು ಕಾಣದ ಮಕ್ಕಳಿಗೆ ಪ್ರಶ್ನೆ ಓದಿ ಹೇಳಾಕೆ, ಉತ್ತರ ಬರೆಯಾಕೆ ಒಬ್ಬರನ್ನ ಕೊಡ್ತಾರೆ. ಈ ಹುಡುಗೀಗೆ ದೃಷ್ಟಿದೋಷ ಐತೆ ಅಂತ ಕ್ಲಾಸ್ ಟೀಚರು ನೀವು ಒಂದು ಸಾಲು ಬರ್ದುಕೊಡ್ರಿ. ಕೆಳಗೆ ನಾನು ರುಜು ಹಾಕ್ತೀನಿ. ಮುಂದಿಂದು ನನಗೆ ಬಿಡ್ರಿ."

ಟೇಪ್ ರೆಕಾರ್ಡರ್ ಕೆಟ್ಟೀತೆಂದು ನಡುಗುತ್ತಿದ್ದ ಮನುಷ್ಯ ಇವರೇನಾ ಎಂದು ನಾನು ಬೆರಗಾದೆ. ಇಮಾಮ್ ಸಾಬರು, "ನಾಲ್ಕು ಜನ ಕುರುಡಿ ಅಂತ ಆಡ್ಕಂಡ್ರೂ ಆಡ್ಕಳ್ಳಿ ಬಿಡ್ರೀ. ಹುಡುಗಿ ಮುಂದಕ್ಕೆ ಹೋಗ್ಲಿ," ಎಂದರು. ಮಾಬೂಬಿ ಪೆನ್ನನ್ನು ತಾನೇ ಎತ್ತಿ ನನ್ನ ಕಡೆ ಚಾಚಿದಳು.

"ಬರೀರಿ ಅಕ್ಕೋರೆ."

ನಾನು ಬರೆಯಲಿಲ್ಲ. "ಸುಳ್ಳು ಬರೆಯೋಕೆ ನನ್ನ ಕೈ ಬರಲ್ಲ ಸಾರ್," ಎಂದೆ. ಎಷ್ಟು ಠೀವಿಯಿಂದ ಹೇಳಿದೆ ಗೊತ್ತೇ! ಸತ್ಯವೆಲ್ಲ ನನ್ನ ಸೆರಗಿನಲ್ಲೇ ಕಟ್ಟಿದೆಯೇನೋ ಎಂಬಂತೆ. ನಿಜ ಹೇಳಲೇ? ಸತ್ಯದ ಮೇಲಿನ ಪ್ರೀತಿ ಅಲ್ಲ ಅದು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ವಿಚಾರಣೆ ಬಂದರೆ ಎಂದು ಜೀವ ಪುಕಪುಕ ಎನ್ನುತ್ತಿತ್ತು. ಆ ಭಯಕ್ಕೆ ಸತ್ಯದ ಹೆಸರಿಟ್ಟೆ. ಮಾಬೂಬಿ ಪೆನ್ನನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಚನ್ನಬಸಪ್ಪನವರು ಮತ್ತೆ ಆ ಮಾತೆತ್ತಲಿಲ್ಲ.

ಪರೀಕ್ಷೆ ಬಸವಾಪಟ್ಟಣದಲ್ಲಿ. ಅಲ್ಲಿ ಮೇಲ್ವಿಚಾರಣೆಗೆ ಹೋಗಿದ್ದ ಪರಿಚಯದ ಮೇಷ್ಟ್ರೊಬ್ಬರು ಆಮೇಲೆ ಬಸ್ಸಿನಲ್ಲಿ ಸಿಕ್ಕು ಹೇಳಿದರು: "ನಿಮ್ಮ ಶಾಲೆ ಹುಡುಗಿ ಒಬ್ಬಳು ಪ್ರಶ್ನೆಪತ್ರಿಕೇನೇ ಮೊದಲಿಂದ ಕೊನೇತನಕ ಉತ್ತರದ ಹಾಳೆಗೆ ಇಳಿಸ್ಯಾಳೆ ಕಣ್ರೀ. ಅಕ್ಷರ ಮಾತ್ರ ಮುತ್ತು ಪೋಣಿಸಿದಂಗೆ."

ಫಲಿತಾಂಶ ನೀವು ಊಹಿಸಿದ್ದೇ. ಬೇಸಿಗೆಯಲ್ಲಿ ಚನ್ನಬಸಪ್ಪನವರು ನಿವೃತ್ತರಾಗಿ ನ್ಯಾಮತಿಯ ತಮ್ಮ ಮನೆಗೆ ಹೋದರು. ಜೂನ್‌ನಲ್ಲಿ ಶಾಲೆ ತೆರೆದಾಗ ಬೀರುವಿನಲ್ಲಿ ಟವೆಲ್ಲಿನ ಗಂಟು ಇತ್ತು. ಟೇಪಿನೊಳಗೆ ಒಂದು ಕ್ಯಾಸೆಟ್. ಹಳೆಯ ಪಾಠವಿರಬೇಕು, ಅಳಿಸಿ ಹೊಸದು ಹಿಡಿಯೋಣ ಎಂದು ಗುಂಡಿ ಒತ್ತಿದೆ. ಚನ್ನಬಸಪ್ಪನವರ ದನಿ ಬಂತು.

"ಒಂದನೇ ಪ್ರಶ್ನೆ. ನಿಧಾನಕ್ಕೆ ಹೇಳವ್ವ, ಗಾಬರಿ ಬ್ಯಾಡ."

ಆಮೇಲೆ ಮಾಬೂಬಿಯ ದನಿ. ಅದು ಆ ವರ್ಷದ ವಿಜ್ಞಾನದ ಪ್ರಶ್ನೆಪತ್ರಿಕೆ. ಪರೀಕ್ಷೆ ಮುಗಿದ ಮೇಲೆ ಅವರು ಅವಳನ್ನು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಓದಿದ್ದರು. ಅವಳು ಒಂದೊಂದಕ್ಕೂ ಉತ್ತರ ಹೇಳಿದ್ದಳು. ನಾನು ಖಾಲಿ ಹಾಲಿನಲ್ಲಿ ನೆಲದ ಮೇಲೆ ಕೂತು, ಕೆಂಪು ಪೆನ್ನು ಹಿಡಿದು ಅಂಕ ಕೊಡುತ್ತ ಹೋದೆ. ಬಿಗಿಯಾಗಿಯೇ ಕೊಟ್ಟೆ. ಆದರೂ ಪಾಸು. ನಮ್ಮ ಶಾಲೆಯಲ್ಲಿ ಆ ವಿಷಯಕ್ಕೆ ಅಷ್ಟು ಅಂಕ ತೆಗೆದವರು ಇನ್ಯಾರೂ ಇರಲಿಲ್ಲ. ಕೂತಲ್ಲೇ ಅತ್ತುಬಿಟ್ಟೆ.

ಮುಂದಿನ ಭಾನುವಾರವೇ ಜಗಳೂರಿನ ಬಸ್ಸು ಹತ್ತಿದೆ. ವಿಚಾರಿಸಿಕೊಂಡು ಹೋದರೆ ಮಾಬೂಬಿ ಸೋದರತ್ತೆಯ ಅಂಗಡಿಯ ಕಟ್ಟೆಯ ಮೇಲೆ ಗಾದಿಗೆ ದಬ್ಬಳ ಹಾಕುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದು, ಕೂರಲು ಜಾಗ ಒರೆಸಿ, "ಆರಾಮ ಇದೀರೇನ್ರೀ ಅಕ್ಕೋರೆ, ಗಂಟಲು ಹೆಂಗೈತೆ?" ಎಂದು ಕೇಳಿದಳು. ಗಂಟಲಿನ ಮಾತು ಬಿಟ್ಟು ಬಂದ ವಿಷಯ ಹೇಳಿದೆ.

"ಕ್ಯಾಸೆಟ್ ಕೇಳಿದೆ ಕಣೇ. ನೀನು ಪಾಸಾಗ್ತಿದ್ದೆ."

"ನಂಗೊತ್ತು. ಹೆಡ್‌ಮೇಷ್ಟ್ರು ಅವತ್ತೇ ಹೇಳಿದ್ರು," ಎಂದಳು. ದಾರವನ್ನು ಹಲ್ಲಿನಿಂದ ಕಡಿದು ಮತ್ತೆ ಹೇಳಿದಳು, "ಅದನ್ನ ಟೇಪಿನಾಗೆ ಹೇಳಿಟ್ಟಿದ್ದು ನಿಮಗೆ ಗೊತ್ತಾಗ್ಲಿ ಅಂತ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅತ್ತೆ ಚಾ ತಂದುಕೊಟ್ಟಳು. ಮತ್ತೆ ಶಾಲೆಗೆ ಬಾ, ಇನ್ನೊಂದು ಸಲ ಪರೀಕ್ಷೆ ಕಟ್ಟಿಸೋಣ, ಈ ಸಲ ಬರೆದುಕೊಡುತ್ತೇನೆ ಎಂದೆ. ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಗಾದಿಗಳ ಕಡೆ ನೋಡಿದಳು. ಅಷ್ಟಕ್ಕೆ ಆ ಮಾತು ಮುಗಿಯಿತು. ಆಮೇಲೆ ನಾನು ಮಾಬೂಬಿಯನ್ನು ನೋಡಲಿಲ್ಲ. ಇನ್ನೂ ಎಷ್ಟೋ ವರ್ಷ ಪಾಠ ಮಾಡಿದೆ. ಅಕ್ಷರ ಅಲುಗಾಡುತ್ತವೆ ಎಂದ ಯಾವ ಮಗುವನ್ನೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ, ಅಷ್ಟು ಮಟ್ಟಿಗೆ ನಿಜ. ಆದರೆ ಅದರಿಂದ ಅವಳಿಗೇನು ಬಂತು?

ಆಸ್ಪತ್ರೆಯ ಮಾತಿಗೆ ಬರುತ್ತೇನೆ. ರಕ್ತ ತೆಗೆದಾದ ಮೇಲೆ ನರ್ಸಮ್ಮ ನನಗೊಂದು, ಪಕ್ಕದಲ್ಲಿದ್ದ ಹೆಂಗಸಿಗೊಂದು ಅಚ್ಚಾದ ಕಾಗದ ಕೊಟ್ಟು, ಓದಿ ಸಹಿ ಮಾಡಿ ಎಂದಳು. ಆ ಹೆಂಗಸು ನನಗಿಂತ ಸ್ವಲ್ಪ ಚಿಕ್ಕವಳಿರಬೇಕು. ಕಾಗದವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಕನ್ನಡಕ ಮರ್ತು ಬಂದೀನವ್ವ," ಎಂದಳು. ಅವಳ ಮೂಗಿನ ಮೇಲೆ ಕನ್ನಡಕ ಕೂತ ಗುರುತೇ ಇರಲಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವಳಿಗೆ ಅಷ್ಟು ತಿಳಿಯುವುದಿಲ್ಲವೇ?

ನನ್ನ ಕನ್ನಡಕ ಮೂಗಿನ ಮೇಲೇ ಇತ್ತು. ಮೆಲ್ಲಗೆ ತೆಗೆದು ಚೀಲದೊಳಗೆ ಜಾರಿಸಿದೆ.

"ನಾನೂ ತಂದಿಲ್ಲ ಕಣಮ್ಮ," ಎಂದೆ ನರ್ಸಮ್ಮನಿಗೆ. "ಇಬ್ಬರಿಗೂ ಓದಿ ಹೇಳು."

ನರ್ಸಮ್ಮ ನನ್ನ ಮುಖವನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದಳು. ನಮ್ಮಿಬ್ಬರ ನಡುವೆ ಸ್ಟೂಲು ಎಳೆದುಕೊಂಡು ಕೂತು, ಮೊದಲ ಸಾಲಿನಿಂದ ಓದತೊಡಗಿದಳು. ನಾವಿಬ್ಬರೂ ಕೇಳಿದೆವು.