ಮಿಸ್ ಪೌಡರ್ ಹಾಕದ ದಿನ

ಕುಂದಾಣದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಸರ್ಕಾರಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಶುರುಮಾಡಿದಾಗ ನನಗೆ ಗೊತ್ತಿದ್ದದ್ದು ಒಂದೇ ಮೆಥಡ್, ನನ್ನ ಕಾನ್ವೆಂಟಿನದು. ಅಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದವಳ ಕೊರಳಿಗೆ ಸಿಸ್ಟರ್ ಒಂದು ಮರದ ಬಿಲ್ಲೆ ಹಾಕುತ್ತಿದ್ದರು. ಇನ್ನೊಬ್ಬಳು ಸಿಕ್ಕಿಬೀಳುವ ತನಕ ಅದು ಅವಳದು. ಇಷ್ಟು ವರ್ಷಗಳ ಮೇಲೆ ಆ ಬಿಲ್ಲೆ ನೆನಪಾದರೆ ನನಗೆ ಪ್ರೀತಿಯೇ ಉಕ್ಕುತ್ತದೆ. ಆ ಉದ್ದನೆಯ ಕಾರಿಡಾರು, ಪಿಯಾನೋ, ಗಂಜಿ ಹಾಕಿದ ಯೂನಿಫಾರ್ಮಿನ ವಾಸನೆ ಎಲ್ಲ ಅದರ ಹಿಂದೆಯೇ ಬರುತ್ತವೆ. ಹಾಗಾಗಿ ಶೂ ಡಬ್ಬದ ರಟ್ಟು ಕತ್ತರಿಸಿ, ದಾರ ಕಟ್ಟಿ, ನಾನೂ ಒಂದು ಬಿಲ್ಲೆ ಮಾಡಿದೆ.

ಜಗಲಿ ಸೈಲೆಂಟ್ ಆಯಿತು. ಎಂಥ ಡಿಸಿಪ್ಲಿನ್ ಎಂದು ಹಿಗ್ಗಿದೆ.

ಐದನೇ ಕ್ಲಾಸಿನ ಒಬ್ಬ ಹುಡುಗಿ, ಎಲ್ಲರಿಗಿಂತ ಬಾಯಿಬಡುಕಿ, ವಸತಿ ಶಾಲೆಯ ಎಂಟ್ರೆನ್ಸಿಗೆ ಓದುತ್ತಿದ್ದಳು. ಮೂರು ದಿನ ಬಿಲ್ಲೆ ಹಾಕಿಕೊಂಡವಳು ನಾಲ್ಕನೆಯ ದಿನ ಬರಲಿಲ್ಲ. ವಾರ ಕಳೆದರೂ ಇಲ್ಲ. ಪರೀಕ್ಷೆಗೆ ಉಳಿದದ್ದು ಒಂದೇ ತಿಂಗಳು. ಸೀಟು ಸಿಕ್ಕರೆ ಹತ್ತನೇ ಕ್ಲಾಸಿನವರೆಗೆ ಒಳ್ಳೆಯ ಓದು, ಲ್ಯಾಬು, ಲೈಬ್ರರಿ. ಅದನ್ನೆಲ್ಲ ನನ್ನ ರಟ್ಟಿನ ಚೂರು ತಪ್ಪಿಸುವುದರಲ್ಲಿತ್ತು. ಸೀರೆ ಬದಲಿಸಿ, ಪೌಡರ್ ಹಚ್ಚಿಕೊಂಡು ಅವಳ ಮನೆಗೆ ಹೋದೆ.

ರೇಷ್ಮೆ ಹುಳು ಸಾಕುವ ಕೋಣೆಯ ಬಾಗಿಲಲ್ಲೇ ಅವಳ ತಾಯಿ ಕೈ ಅಡ್ಡ ಹಿಡಿದರು.

"ಅಮ್ಮೋರೇ, ಅಲ್ಲೇ ನಿಂತ್ಕಳಿ! ಪೌಡರ್ ಹಾಕ್ಕೊಂಡ್ ಬಂದ್ಬಿಟ್ಟಿದ್ದೀರ. ಆ ಘಮ್ಲು ನಮ್ ಹುಳಕ್ಕಾಗಲ್ಲ."

ಎಪ್ಪತ್ತು ದಾಟಿದ ಮೇಲೆ ಕ್ಲಾಸಿನಿಂದ ಹೊರಗೆ ನಿಂತ ಹಾಗಾಯಿತು. ಒಳಗಿನಿಂದ ಹುಡುಗಿ ಕಿಸಕ್ಕೆಂದಳು. ತಟ್ಟೆಯಲ್ಲಿ ಹುಳುಗಳು ಅಲುಗಾಡದೆ ಕೂತಿದ್ದವು.

"ಅವಕ್ಕೆ ಸೊಪ್ಪು ಹಾಕಲ್ವೇನೇ?" ಎಂದೆ.

"ಜ್ವರಕ್ಕೆ ಕೂತವೆ ಮಿಸ್. ಪೊರೆ ಬಿಡೋ ಟೈಮು. ಈಗ ಸೊಪ್ಪು ಹಾಕಂಗಿಲ್ಲ, ಮುಟ್ಟಂಗಿಲ್ಲ. ಎದ್ಮೇಲೆ ನೋಡ್ಬೇಕು ನೀವು, ಮಳೆ ಬಂದಂಗೆ ಸದ್ದು ಮಾಡ್ಕೊಂಡು ತಿಂತವೆ!"

"ನಿಮ್ ಹತ್ರ ಬಂದ್ಮೇಲೆ ಇವ್ಳೂ ಜ್ವರಕ್ಕೆ ಕೂತಿದ್ಲು, ಇವತ್ತೇ ಬಾಯ್ಬಿಟ್ಟಿದ್ದು," ಎಂದರು ತಾಯಿ. "ನಮ್ ಹಸಕ್ಕಾದ್ರೂ ನಾವು ಗಂಟೆ ಕಟ್ತೀವಿ. ನೀವು ಮಕ್ಳಿಗೆ ರಟ್ಟು ಕಟ್ತೀರಂತೆ!"

"ಸಾರಿ" ಎಂದೆ. ಕಾನ್ವೆಂಟಿನಲ್ಲಿ ಕಲಿತದ್ದು ಅದಾದರೂ ಉಪಯೋಗಕ್ಕೆ ಬಂತು. ಹುಡುಗಿಯ ಕಡೆ ತಿರುಗಿದೆ. "ನಾಳೆ ಬಂದು ಈ ಹುಳುಗಳ ಕಥೆ ಎಲ್ಲರಿಗೂ ಹೇಳು, ಕನ್ನಡದಲ್ಲೇ. ಆಮೇಲೆ ಎಲ್ಲ ಸೇರಿ ಇಂಗ್ಲಿಷ್ ಮಾಡೋಣ."

"ಬಿಲ್ಲೆ?"

"ಇನ್ಮೇಲೆ ಅದು ನನಗೊಬ್ಬಳಿಗೆ, ಕ್ಲಾಸಲ್ಲಿ ಕನ್ನಡ ಬಾಯಿಗೆ ಬಂದ್ರೆ."

ಮಾರನೆಯ ಸಂಜೆ ಬರಿಮುಖದಲ್ಲಿ ಜಗಲಿಯಲ್ಲಿ ಕೂತು ದಾರಿ ನೋಡಿದೆ. ಎಲ್ಲರೂ ಬಂದ ಮೇಲೆ, ಕೊನೆಗೆ ಅವಳು ಬಂದಳು. ನನ್ನ ಮುಖವನ್ನೇ ನೋಡಿ, ಪದಕ್ಕೆ ಪದ ಜೋಡಿಸಿ ಕೇಳಿದಳು:

"ಮಿಸ್, ಟುಡೇ... ನೋ ಪೌಡರ್?"

"ಇಲ್ಲ ಕಣೇ!" ಎಂದುಬಿಟ್ಟೆ, ಸಂತೋಷಕ್ಕೆ. ಜಗಲಿಯೆಲ್ಲ ಹೋ ಎಂದಿತು. ಅವಳೇ ಬಂದು ನನ್ನ ಕೊರಳಿಗೆ ಬಿಲ್ಲೆ ಹಾಕಿದಳು.

ಸೀಟು ಸಿಕ್ಕಿತು. ಹೊರಡುವ ದಿನ ಆ ಬಿಲ್ಲೆಯನ್ನು ಕೇಳಿ ಪಡೆದು ಟ್ರಂಕಿಗೆ ಹಾಕಿಕೊಂಡಳು. ಅಲ್ಲಿ ಯಾವ ಟೀಚರಿಗೆ ಕಾದಿದೆಯೋ, ಪಾಪ.