ಮಾತಾಡಿಸಲು ಬಂದವರು

ನಮ್ಮ ವಿಜಯಪುರದ ಕಡೆ ಸಾವಾದ ಮನೆಗೆ ಹೋಗುವುದಕ್ಕೆ ‘ಮಾತಾಡಿಸಿ ಬರುವುದು’ ಎನ್ನುತ್ತಾರೆ. ಸಮಾಧಾನ ಹೇಳುವುದೆಲ್ಲ ಆಮೇಲೆ. ಹೋದವರು ಮೊದಲು ಗೋಡೆಗೆ ಒರಗಿ ಕೂತು ಕೇಳುವುದು ಒಂದೇ ಪ್ರಶ್ನೆ: ‘ಹೆಂಗಾತ್ರಿ?’ ಮನೆಯವರು ಮೊದಲಿನಿಂದ ಹೇಳಬೇಕು. ಜ್ವರ ಯಾವಾಗ ಬಂತು, ಕೊನೆಗೆ ಯಾರನ್ನು ಕರೆದರು, ಬಾಯಿಗೆ ನೀರು ಯಾರು ಬಿಟ್ಟರು, ಎಲ್ಲ. ಇನ್ನೊಬ್ಬರು ಬಂದರೆ ಮತ್ತೆ ಮೊದಲಿನಿಂದ. ಹೇಳಿ ಹೇಳಿಯೇ ದುಃಖ ಒಂದಿಷ್ಟು ಸವೆಯುತ್ತದೆ. ಹೊರಗಿನವರಿಗೆ ಇದೇನು ಕ್ರೂರ ಪದ್ಧತಿ ಅನ್ನಿಸಬಹುದು. ಅನ್ನಿಸಲಿ ಬಿಡಿ.

ಕೆಲಸಕ್ಕೆಂದು ನಾವಿದ್ದ ತೆಲುಗು ಊರಿನ, ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರುಮನೆಯವರೂ ನಮ್ಮ ಕಡೆಯವರೇ. ಆ ಮನೆಯಾಕೆಯನ್ನು ನಾನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವರ ಮಗಳೂ ನಾನೂ ಮಾದಾಪುರದ ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದೆವು, ನನ್ನದು ಹಗಲು ಪಾಳಿ, ಅವಳದು ರಾತ್ರಿ ಪಾಳಿ. ಒಂದು ದಿನ ನಸುಕಿನಲ್ಲಿ ಆಫೀಸಿನ ಕ್ಯಾಬ್ ಇಳಿದು ರಸ್ತೆ ದಾಟುವಾಗ ಅವಳಿಗೆ ಕಾರೊಂದು ಗುದ್ದಿತು. ಓಡಿಸುತ್ತಿದ್ದವನು ಕಾಲೇಜು ಹುಡುಗ, ಯಾವುದೋ ಪಾರ್ಟಿ ಮುಗಿಸಿ ಕುಡಿದು ಬಂದಿದ್ದ. ಅವಳನ್ನು ಅಲ್ಲೇ ಬಿಟ್ಟು ಓಡಿಹೋದ. ಹಾಲಿನ ವ್ಯಾನಿನವನು ನೋಡಿ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮರುದಿನದಿಂದ ಜನ ಮಾತಾಡಿಸಲು ಬಂದರು. ‘ಹೆಂಗಾತ್ರಿ?’ ಕಾಕು ಬಾಯಿ ತೆರೆಯುತ್ತಿದ್ದರು, ಮಾತು ಹೊರಡುತ್ತಿರಲಿಲ್ಲ. ಏನು ಹೇಳುತ್ತಾರೆ? ನೋಡಿದ್ದರೆ ತಾನೇ?

ಹೇಳುವ ಕೆಲಸವನ್ನು ಟಿವಿಯವರು ವಹಿಸಿಕೊಂಡರು. ಆಗ ದಿನವಿಡೀ ಸುದ್ದಿ ಬಿತ್ತರಿಸುವ ತೆಲುಗು ವಾಹಿನಿಗಳು ಹೊಸದಾಗಿ ಹುಟ್ಟುತ್ತಿದ್ದ ಕಾಲ. ನಮ್ಮ ಗೇಟಿನೆದುರು ತಲೆಯ ಮೇಲೆ ಕೊಡೆ ಹೊತ್ತ ವ್ಯಾನುಗಳು ಬೀಡುಬಿಟ್ಟವು. ಪರದೆಯ ಮೇಲೆ ಗೊಂಬೆ ಕಾರು ಗೊಂಬೆ ಹುಡುಗಿಯನ್ನು ಗುದ್ದುತ್ತಿತ್ತು, ಹಿಂದೆ ತಮಟೆಯ ಸದ್ದು. ಒಂದು ವಾಹಿನಿಯಲ್ಲಿ ಹುಡುಗ ಆಕೆಯನ್ನು ಎಳೆದುಕೊಂಡು ಹೋದ, ಇನ್ನೊಂದರಲ್ಲಿ ಹಿಂದಕ್ಕೆ ಬಂದು ಮತ್ತೆ ಕಾರು ಹತ್ತಿಸಿದ. ಕೆಳಗಡೆ ‘ಗಲ್ಲು ಬೇಕೇ? ಎಸ್ಸೆಮ್ಮೆಸ್ ಮಾಡಿ’ ಎಂದು ಓಡುತ್ತಿತ್ತು. ಕಾಕು ಆ ಗೊಂಬೆಯಾಟವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ‘ಇದರಾಗ ಖರೇ ಯಾವುದು?’ ಎಂದು ನನ್ನನ್ನು ಕೇಳುತ್ತಿದ್ದರು. ನಾನು ರಿಮೋಟ್ ಕಸಿದುಕೊಳ್ಳುತ್ತಿದ್ದೆ.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮೇಣದಬತ್ತಿ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದೆ. ‘ಗಲ್ಲಿಗೆ ಹಾಕಿ!’ ಕೂಗಿದ್ದಕ್ಕೆ ಇವತ್ತಿಗೂ ನಾಚಿಕೆಯಿಲ್ಲ. ಬಿದ್ದ ಹುಡುಗಿಯನ್ನು ಬಿಟ್ಟು ಓಡಿದವನ ಮೇಲೆ ಸಿಟ್ಟು ಬರದಿದ್ದರೆ ನಾವು ಮನುಷ್ಯರೇ?

ಹುಡುಗ ಸಿಕ್ಕಿಬಿದ್ದ ದಿನ ಠಾಣೆಯ ಮುಂದೆ ಜನ ಅವನನ್ನು ಜೀಪಿನಿಂದ ಎಳೆದು ಬಡಿದರು. ಪೊಲೀಸರು ಕಷ್ಟಪಟ್ಟು ಒಳಗೆ ಒಯ್ದರು. ಅದು ಟಿವಿಯಲ್ಲಿ ಬರುತ್ತಿದ್ದಾಗ ನಾನು ‘ಹಂಗಾಗಬೇಕು ಅವಗ!’ ಎಂದು ಕುಣಿದೆ. ಕಾಕು ಮಾತ್ರ ದಡಬಡಿಸಿ ಎದ್ದು, ಕಾಲಿಗೆ ಚಪ್ಪಲಿಯೂ ಇಲ್ಲದೆ ಗೇಟಿಗೆ ಹೋಗಿ ಅಲ್ಲಿದ್ದ ಕ್ಯಾಮೆರಾಗಳ ಮುಂದೆ ಕೈಮುಗಿದರು. ತಮ್ಮ ಹರಕುಮುರುಕು ತೆಲುಗಿನಲ್ಲಿ, ‘ಅವನನ್ನು ಯಾರೂ ಹೊಡೆಯಬೇಡಿ, ಅವನು ಬದುಕಬೇಕು’ ಎಂದರು. ಅಷ್ಟೇ ಸಾಕಾಯಿತು. ಸಂಜೆಯ ಹೊತ್ತಿಗೆ ಕಾಕು ‘ಕ್ಷಮಿಸಿದ ಮಹಾತಾಯಿ’ ಆಗಿದ್ದರು. ಕೊಳಲಿನ ಸಂಗೀತ ಬೇರೆ.

ಕಾಕು ಉರಿದುಬಿದ್ದರು. ‘ಕ್ಷಮಾ ಯಾರು ಮಾಡ್ಯಾರ? ಇವರ ಬಾಯಾಗ ಮಣ್ಣ ಹಾಕ್ಲಿ! ನನ್ನ ಮಗಳ ಜೋಡಿ ಕಡೀಕ ಇದ್ದಾಂವ ಅವನೊಬ್ಬನ. ಅವನ್ನೂ ಕೊಂದ್ರ ನಾ ಯಾರನ್ನ ಕೇಳ್ಲಿ?’

ಊರಿಗೆ ಊರೇ ಅವನ ಪ್ರಾಣಕ್ಕೆ ಬಾಯಿಬಿಡುತ್ತಿರುವಾಗ ಈ ಹೆಂಗಸಿಗೆ ಅವನಿಂದ ಬೇಕಾಗಿದ್ದು ಒಂದು ಉತ್ತರ.

ಕೇಸು ಎಳೆಯಿತು. ವ್ಯಾನುಗಳು ಬೇರೆ ಯಾರದೋ ಗೇಟು ಹುಡುಕಿಕೊಂಡು ಹೋದವು. ವಿಚಾರಣೆಯ ಉದ್ದಕ್ಕೂ ಹುಡುಗ ವಕೀಲರ ಮಾತು ಕೇಳಿ ತುಟಿ ಬಿಚ್ಚಲಿಲ್ಲ. ಕಾಕು ಮಾತ್ರ ಪ್ರತಿ ತಾರೀಕಿಗೂ ನಾಂಪಲ್ಲಿಯ ಕೋರ್ಟಿಗೆ ಹೋಗಿ ಕೂರುತ್ತಿದ್ದರು, ರಜೆ ಸಿಕ್ಕಾಗ ಜೊತೆಗೆ ನಾನು. ಕೊನೆಗೆ ಅವನು ತಪ್ಪಿತಸ್ಥನೆಂದು ತೀರ್ಮಾನವಾಯಿತು. ಶಿಕ್ಷೆ ಹೇಳುವ ದಿನ ವ್ಯಾನುಗಳೆಲ್ಲ ಮರಳಿ ಬಂದವು.

ಶಿಕ್ಷೆಯ ಬಗ್ಗೆ ಹುಡುಗಿಯ ತಾಯಿಗೆ ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಸರಕಾರಿ ವಕೀಲರನ್ನು ಕೇಳಿದರು. ಕಾಕು ಎದ್ದರು. ‘ಎಷ್ಟು ಶಿಕ್ಷೆ ಕೊಡಬೇಕು ಅನ್ನೋದು ನಿಮಗೆ ಬಿಟ್ಟಿದ್ದು ಸಾಹೇಬರೆ. ನಾನು ಇವನನ್ನು ಒಂದು ಮಾತು ಕೇಳಬೇಕು’ ಎಂದರು, ಅದೇ ತೆಲುಗಿನಲ್ಲಿ. ನ್ಯಾಯಾಧೀಶರು ಆಗಲಿ ಎಂದು ತಲೆಯಾಡಿಸಿದರು. ಕಾಕು ಕಟಕಟೆಯ ಕಡೆ ತಿರುಗಿ, ‘ಎಟ್ಲಯಿಂದಿ?’ ಎಂದರು. ಹೆಂಗಾತು, ಅಂತ. ಮನೆಗೆ ಬಂದವರು ಇವರನ್ನು ಕೇಳುತ್ತಿದ್ದ ಅದೇ ಧಾಟಿಯಲ್ಲಿ.

ಹುಡುಗನ ವಕೀಲರು ಎದ್ದು ನಿಂತು ಬೇಡ ಬೇಡವೆಂದು ಕೈಯಾಡಿಸಿದರು. ಮೇಲಿನ ಕೋರ್ಟಿಗೆ ಹೋಗುವುದು ಬಾಕಿ ಇತ್ತಲ್ಲ, ಇಲ್ಲಿ ಆಡಿದ ಪ್ರತಿ ಮಾತೂ ಅಲ್ಲಿ ಅವನ ಕುತ್ತಿಗೆಗೆ ಬರುತ್ತಿತ್ತು. ಹುಡುಗ ವಕೀಲರನ್ನು ನೋಡಿದ, ಕಾಕುವನ್ನು ನೋಡಿದ. ಹೇಳತೊಡಗಿದ.

ಎಳೆದುಕೊಂಡು ಹೋಗಿರಲಿಲ್ಲ, ಮತ್ತೆ ಹತ್ತಿಸಿರಲಿಲ್ಲ. ಕಾರು ನಿಲ್ಲಿಸಿ ಇಳಿದು ಬಂದಿದ್ದ. ಅವಳಿಗೆ ಎಚ್ಚರವಿತ್ತು. ತನ್ನ ಅಂಗಿ ಬಿಚ್ಚಿ ತಲೆಯ ಕೆಳಗೆ ಇಟ್ಟ. ಪಕ್ಕದಲ್ಲಿ ಬಿದ್ದಿದ್ದ ಅವಳ ಮೊಬೈಲ್ ಎತ್ತಿಕೊಂಡು, ಮನೆಗೆ ಫೋನ್ ಮಾಡುತ್ತೇನೆ ಎಂದ. ಅವಳು ಅವನ ಮಣಿಕಟ್ಟು ಹಿಡಿದು ಏನೋ ಹೇಳಿದಳು. ಅಷ್ಟರಲ್ಲಿ ವ್ಯಾನಿನ ದೀಪ ಕಾಣಿಸಿತು, ಹೆದರಿ ಓಡಿದ.

‘ಏನು ಹೇಳಿದಳು?’

‘ತೆಲುಗು ಅಲ್ಲಮ್ಮ. ನನಗೆ ಅರ್ಥ ಆಗಲಿಲ್ಲ. ಆದರೆ ದಿನಾ ಕಿವಿಯಲ್ಲಿ ಕೇಳಿಸುತ್ತದೆ.’ ಹಾಗೆಂದು, ತನಗೆ ಬಾರದ ಭಾಷೆಯನ್ನು ಒಂದೊಂದೇ ಅಕ್ಷರ ಎತ್ತಿಡುತ್ತ ನುಡಿದ: ‘ಅವ್ವಗ ಹೇಳಬ್ಯಾಡ್ರಿ. ಅಂಜತಾಳ.’

ಆ ತುಂಬಿದ ಕೋರ್ಟಿನಲ್ಲಿ ಆ ಮಾತು ತಿಳಿದದ್ದು ನಮ್ಮಿಬ್ಬರಿಗೆ ಮಾತ್ರ. ಅವಳ ದನಿಯ ಏರಿಳಿತ ಕೂಡ ಹಾಗೇ ಇತ್ತು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಕಾಕು ಅಳಲಿಲ್ಲ. ನನ್ನ ಕಡೆ ತಿರುಗಿದರು, ಮುಖದಲ್ಲಿ ಬೆಳಕಿತ್ತು, ದೇವರಾಣೆ ಹೇಳುತ್ತೇನೆ. ‘ಹೌದವಾ, ಆಕೀನ. ಸಣ್ಣಾಕಿ ಇದ್ದಾಗ ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಬಂದ್ರೂ ಲಂಗಾ ಎಳದು ಮುಚ್ಚಾಕಿ.’

ಅವನು ಹೇಳಿದ್ದೇನು ಎಂದು ನ್ಯಾಯಾಧೀಶರು ಕೇಳಿದರು. ಕಾಕು ಅದರ ಅರ್ಥವನ್ನು ತೆಲುಗಿನಲ್ಲಿ ಹೇಳಿದರು. ಹೇಳಿದ್ದು ನ್ಯಾಯಾಧೀಶರಿಗಲ್ಲ, ಹುಡುಗನ ಮುಖ ನೋಡಿಕೊಂಡೇ ಹೇಳಿದರು: ‘ನಮ್ಮಮ್ಮನಿಗೆ ಹೇಳಬೇಡಿ, ಹೆದರುತ್ತಾಳೆ, ಅಂದಳಪ್ಪ.’

ಹುಡುಗ ಕಟಕಟೆಯ ಕಂಬಿ ಹಿಡಿದುಕೊಂಡೇ ಕುಸಿದು ಕೂತ. ಅಂಥ ಅಳುವನ್ನು ನಾನು ಗಂಡಸರ ಬಾಯಲ್ಲಿ ಕೇಳಿರಲಿಲ್ಲ. ಪೊಲೀಸರು ಎಬ್ಬಿಸಲು ನೋಡಿದರು, ಏಳಲಿಲ್ಲ. ಅವನ ವಕೀಲರೂ ತಲೆ ತಗ್ಗಿಸಿ ನಿಂತಿದ್ದರು. ಹೊರಗೆ ಗೇಟಿನ ಬಳಿ ಜನ ಗಲ್ಲು, ಗಲ್ಲು ಎಂದು ಕೂಗುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು.

ಕಾಕು ಅವನು ಅಳುವುದನ್ನು ಪೂರ್ತಿ ನೋಡಿದರು. ಆಮೇಲೆ, ತೆಲುಗು ಮರೆತು, ಮನೆಯ ಮಾತಿನಲ್ಲೇ ಹೇಳಿದರು:

‘ಏಳಪಾ, ನೆಟ್ಟಗ ನಿಂದ್ರು. ಸಾಹೇಬ್ರು ಇನ್ನ ಶಿಕ್ಷಾ ಹೇಳೂದೈತಿ.’

ಅವನು ಎದ್ದು ನಿಂತ.